ಬೋರ್ಡ್ ಮಾರೋರು, ಓಎಸ್ ಕಟ್ಟೋರು, ಬಳಸೋ ನಾವು: ಪರೀಕ್ಷೆ ಮಾಡಬೇಕಾದವರು ಯಾರು?

ಹನುಮಂತನಗರ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಉದ್ದ ಬರೆದಿದ್ದೇನೆ, ಪುರುಸೊತ್ತಾದಾಗ ಪೂರ್ತಿ ಓದಿ.

ನಮ್ಮ ಬಡಾವಣೆಯ ವಾಚನಾಲಯದ ಹಿಂದಿನ ಕೋಣೆಯಲ್ಲಿ ಶನಿವಾರ, ಭಾನುವಾರ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತೇವೆ. ಹೆಚ್ಚಿನವರು ಸರ್ಕಾರಿ ಶಾಲೆಯಲ್ಲಿ 7ರಿಂದ 9ನೇ ತರಗತಿ ಓದುವವರು. ಮಾನಿಟರ್, ಕೀಬೋರ್ಡ್ ಎಲ್ಲ ಪರಿಚಯದವರ ಆಫೀಸುಗಳಿಂದ ಕೇಳಿ ತಂದದ್ದು. ಬೋರ್ಡ್‌ಗಳನ್ನು (ಅಂಗೈಯಗಲದ ಹಲಗೆಯ ಮೇಲೆ ಇಡೀ ಕಂಪ್ಯೂಟರ್) ಮಾತ್ರ ಹೊಸದಾಗಿ ಕೊಂಡೆವು. ಹೆಸರುವಾಸಿಯಾದ ರಾಸ್ಪ್‌ಬೆರಿ ಪೈ ಬೋರ್ಡ್‌ಗೆ ದುಡ್ಡು ಸಾಲದೆ ಅದೇ ಅಳತೆಯ, ಅದೇ 40 ಪಿನ್ ಇರುವ ಇನ್ನೊಂದು ಕಂಪನಿಯ ಬೋರ್ಡ್ ತಗೊಂಡೆವು. ಒಂದಕ್ಕೆ 3,400 ರೂಪಾಯಿ, ಒಟ್ಟು ಎಂಟು. ಐದು ಹೋದ ವರ್ಷ ಬಂದವು, ಮೂರು ಈ ಜೂನ್‌ನಲ್ಲಿ. ಕಂಪನಿಯ ಹೆಸರು ಬರೆಯುವುದಿಲ್ಲ. ಅದನ್ನು ಬೈಯುವುದರಿಂದ ನನ್ನ ಮಕ್ಕಳಿಗೆ ಏನೂ ಸಿಗುವುದಿಲ್ಲ.

ಕಂಪನಿಯ ಪುಟದಲ್ಲಿ ಎರಡು ಓಎಸ್ ಇಮೇಜ್‌ಗಳ (ಮೆಮೊರಿ ಕಾರ್ಡಿಗೆ ಹಾಗೇ ಇಳಿಸಿಕೊಳ್ಳುವ ಸಿದ್ಧ ಆಪರೇಟಿಂಗ್ ಸಿಸ್ಟಂ ಕಡತಗಳ) ಕೊಂಡಿ ಇದೆ. ಒಂದು ಅವರದೇ, ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ. ಇನ್ನೊಂದು ಸ್ವಯಂಸೇವಕರು ಕಟ್ಟಿದ್ದು, ಡೆಬಿಯನ್ ಎಂಬ ಲಿನಕ್ಸ್ ಓಎಸ್ ಮೇಲೆ ನಿಂತಿರುವುದು, ಹೊಸದು. ಎರಡರ ಮೇಲೂ ದಪ್ಪಕ್ಷರದಲ್ಲಿ ‘ಈ ಬೋರ್ಡ್ ಬೆಂಬಲಿಸುವ ಓಎಸ್’ ಎಂದಿದೆ. ನಾವು ಎರಡನೆಯದನ್ನು ಹಾಕಿದೆವು. ಎಂಟೂ ಚೆನ್ನಾಗಿ ನಡೆಯುತ್ತಿದ್ದವು.

ಮೂರು ವಾರದ ಹಿಂದೆ ಅಪ್‌ಡೇಟ್ ಕೊಟ್ಟೆ. ಮರುದಿನ ಮೂರು ಬೋರ್ಡ್‌ಗಳಲ್ಲಿ ಇಂಟರ್ನೆಟ್ ಇಲ್ಲ. ವಿಚಿತ್ರವೆಂದರೆ ನೆಟ್‌ವರ್ಕ್ ಜಾಕಿನ ಹಸಿರು ದೀಪ ಹತ್ತಿದೆ, ಹಳದಿ ದೀಪ ಮಿಣುಕುತ್ತಿದೆ, ಆದರೆ ರೌಟರ್‌ಗೆ ಪಿಂಗ್ (ಸಂಪರ್ಕ ಇದೆಯೇ ಎಂದು ಕೇಳುವ ಚಿಕ್ಕ ಸಂದೇಶ) ಕೂಡ ಹೋಗುವುದಿಲ್ಲ. ಕೇಬಲ್ ಬದಲಿಸಿದೆ, ಸ್ವಿಚ್ಚಿನ ಪೋರ್ಟ್ ಬದಲಿಸಿದೆ. ಮೂರು ಜಾಗದಲ್ಲಿ ಕೂರುವ ಆರು ಮಕ್ಕಳು ಈಗ ಬೇರೆಯವರ ಬೆನ್ನ ಹಿಂದೆ ನಿಂತು ನೋಡುತ್ತಾರೆ.

ಕಂಪನಿಗೆ ಬರೆದೆ. ‘ಅದು ಸಮುದಾಯದ ಇಮೇಜ್, ಅವರನ್ನೇ ಕೇಳಿ’ ಎಂದರು. ಕಟ್ಟಿದವರಿಗೆ ಬರೆದೆ. ‘ಈ ಬೋರ್ಡ್‌ಗೆ ಸದ್ಯ ನೋಡಿಕೊಳ್ಳುವವರು ಯಾರೂ ಇಲ್ಲ, ತಯಾರಕರನ್ನು ಕೇಳಿ’ ಎಂದರು. ನಾನು ತಂತ್ರಜ್ಞನಲ್ಲ, ಗಣಿತದ ಮೇಷ್ಟ್ರು. ನನ್ನ ಪ್ರಶ್ನೆ ಎರಡು. ಮೊದಲನೆಯದು, ಇದನ್ನು ಸರಿಮಾಡುವುದು ಹೇಗೆ? ಎರಡನೆಯದು, ಈ ಅಪ್‌ಡೇಟನ್ನು ನನ್ನ ಕೋಣೆಗೆ ಬರುವ ಮುಂಚೆ ಆ ಬೋರ್ಡಿನ ಮೇಲೆ ಒಂದು ಸಲವಾದರೂ ಹಾಕಿ ನೋಡಬೇಕಿದ್ದವರು ಯಾರು?

ಇ.ಸಿ. ಐದನೇ ಸೆಮ್

ಸರ್, ಪವರ್ ಅಡಾಪ್ಟರ್ ನೋಡಿದ್ರಾ? ನಮ್ಮ ಕಾಲೇಜ್ ಲ್ಯಾಬಲ್ಲಿ ಹತ್ತಕ್ಕೆ ಎಂಟು ಪ್ರಾಬ್ಲಮ್ ಅದ್ರಿಂದಾನೇ. ಮೊಬೈಲ್ ಚಾರ್ಜರ್ ಹಾಕಿದ್ರೆ ಲೋಡ್ ಬಿದ್ದಾಗ 5 ವೋಲ್ಟ್ ನಿಲ್ಲಲ್ಲ.

ಎರಡನೇ ಪ್ರಶ್ನೆಗೆ ನನಗನ್ಸೋದು: ಓಎಸ್ ಫ್ರೀ. ದುಡ್ಡೇ ಕೊಡದೆ ಇರೋದಕ್ಕೆ ಯಾರನ್ನ ಕೇಳೋದು? ಲಿನಕ್ಸ್ ಹಂಚೋ ಜಿಪಿಎಲ್ ಲೈಸೆನ್ಸಲ್ಲೇ ಇದೆ, ಯಾವ ವಾರಂಟಿನೂ ಇಲ್ಲ ಅಂತ.

ಪೀಣ್ಯ ಫರ್ಮ್‌ವೇರ್

ಅಡಾಪ್ಟರ್ ಅನುಮಾನ ಸರಿಯಾದದ್ದೇ, ಆದರೆ ಇಲ್ಲಿ ಮೂರೂ ಒಂದೇ ದಿನ, ಒಂದೇ ಥರ ನಿಂತಿವೆ. ಅದೂ ಅಪ್‌ಡೇಟ್ ಆದ ಮೇಲೆ. ಮೇಷ್ಟ್ರೇ, ಕೆಟ್ಟ ಬೋರ್ಡ್ ಒಂದರಲ್ಲಿ, ಒಳ್ಳೆಯ ಬೋರ್ಡ್ ಒಂದರಲ್ಲಿ ಟರ್ಮಿನಲ್ (ಆದೇಶ ಬರೆಯುವ ಕಿಟಕಿ) ತೆಗೆದು ಡಿಮೆಸೇಜ್ ಎಂಬ ಆದೇಶ ಕೊಡಿ, ಓಎಸ್‌ನ ತಿರುಳಾದ ಕರ್ನಲ್ ಬರೆದಿಟ್ಟ ಸಂದೇಶಗಳನ್ನು ಅದು ತೋರಿಸುತ್ತದೆ. ‘ಫೈ’ (ನೆಟ್‌ವರ್ಕ್ ತಂತಿಯ ಸಂಕೇತ ನೋಡಿಕೊಳ್ಳುವ ಚಿಪ್) ಎಂಬ ಪದ ಇರುವ ಸಾಲುಗಳನ್ನು ಎರಡರಿಂದಲೂ ಫೋಟೋ ತೆಗೆದು ಹಾಕಿ. ಹಾಗೆಯೇ ಬೋರ್ಡನ್ನು ತಿರುಗಿಸಿ, ಹಿಂಭಾಗದಲ್ಲಿ ಬಿಳಿ ಸಣ್ಣಕ್ಷರದಲ್ಲಿ ಆವೃತ್ತಿಯ ಸಂಖ್ಯೆ ಇರುತ್ತದೆ, ಅದನ್ನೂ ಹೇಳಿ.

ಹನುಮಂತನಗರ ಮೇಷ್ಟ್ರು

ನೋಡಿದೆ. ಭೂತಗನ್ನಡಿ ಹಿಡಿದು ನೋಡಬೇಕಾಯಿತು.

ನಡೆಯುತ್ತಿರುವ ಐದರ ಮೇಲೆ 1.1 ಎಂದಿದೆ. ನಿಂತಿರುವ ಮೂರರ ಮೇಲೆ 1.2. ಎರಡರ ಡಬ್ಬಿ ಒಂದೇ, ಬಿಲ್ಲಿನಲ್ಲಿ ಹೆಸರು ಒಂದೇ, ಚಿತ್ರವೂ ಒಂದೇ.

ನೆಟ್‌ವರ್ಕ್ ಜಾಕಿನ ಹಿಂದೆ ಒಂದು ಚೌಕದ ಚಿಕ್ಕ ಕರಿ ಚಿಪ್ ಇದೆ, ಹುಣಸೆಬೀಜಕ್ಕಿಂತ ಸಣ್ಣದು. 1.1ರಲ್ಲಿ ಅದರ ಮೇಲೆ ಏಡಿಯ ಗುರುತು ಇದೆ. 1.2ರಲ್ಲಿ ಏಡಿ ಇಲ್ಲ, ‘ವೈಟಿ8531’ ಎಂದು ಬರೆದಿದೆ. ಡಿಮೆಸೇಜ್‌ನಲ್ಲಿ ಒಳ್ಳೆಯ ಬೋರ್ಡ್ ‘ರಿಯಲ್‌ಟೆಕ್’ ಎಂದು ಹೆಸರು ಹೇಳುತ್ತದೆ. ಕೆಟ್ಟದ್ದು ‘ಜೆನೆರಿಕ್ ಫೈ’ ಎನ್ನುತ್ತದೆ.

ಪೀಣ್ಯ ಫರ್ಮ್‌ವೇರ್

ಅಲ್ಲಿಗೆ ಕಳ್ಳ ಸಿಕ್ಕಿದ.

ಏಡಿ ಗುರುತು ರಿಯಲ್‌ಟೆಕ್‌ನದು. ವೈಟಿ8531 ಮೋಟಾರ್‌ಕಾಂ ಎಂಬ ಚೀನೀ ಕಂಪನಿಯದು. ಚಿಪ್‌ಗಳ ಅಭಾವ ಬಂದ ಕಾಲದಿಂದ ಎಷ್ಟೋ ಬೋರ್ಡ್ ತಯಾರಕರು ಇದರ ಕಡೆ ಹೊರಳಿದ್ದಾರೆ. ಚಿಪ್ ಕೆಟ್ಟದ್ದಲ್ಲ. ಆದರೆ ಅದಕ್ಕೆ ಅದರದೇ ಡ್ರೈವರ್, ಅಂದರೆ ಅದನ್ನು ನಡೆಸುವ ತಂತ್ರಾಂಶ, ಬೇಕು. ಆ ಡ್ರೈವರ್ ಸಿಗದಿದ್ದರೆ ಲಿನಕ್ಸ್ ಕೈಚೆಲ್ಲಿ ಕೂರುವುದಿಲ್ಲ, ಸಾಮಾನ್ಯ ಡ್ರೈವರನ್ನು ಕೊಟ್ಟು ಮುಂದೆ ಹೋಗುತ್ತದೆ. ಆಗ ಲಿಂಕ್ ಬರುತ್ತದೆ, ದೀಪ ಹತ್ತುತ್ತದೆ. ಆದರೆ ಮುಖ್ಯ ಚಿಪ್ಪಿಗೂ ಇದಕ್ಕೂ ನಡುವಿನ ಆರ್‌ಜಿಎಂಐಐ ತಂತಿಗಳಲ್ಲಿ ಗಡಿಯಾರದ ಸಂಕೇತ ಸುಮಾರು 2 ನ್ಯಾನೋಸೆಕೆಂಡ್ ತಡವಾಗಿ ಬರಬೇಕು. ಆ ತಡವನ್ನು ಸರಿಯಾಗಿ ಹೊಂದಿಸುವವರು ಯಾರೂ ಇಲ್ಲದಾಗ ದತ್ತಾಂಶ ಚೂರುಚೂರಾಗಿ ಬೀಳುತ್ತದೆ. ದೀಪ ಹತ್ತಿದರೂ ಪಿಂಗ್ ಹೋಗದಿರುವುದು ಇದಕ್ಕೇ.

ಇದನ್ನು ಯಾಕೆ ಬಿಡಿಸಿ ಹೇಳಿದೆ ಎಂದರೆ, ನಿಮ್ಮ ಎರಡನೇ ಪ್ರಶ್ನೆಯ ಬೇರು ಇಲ್ಲೇ ಇದೆ. ಡೆಸ್ಕ್‌ಟಾಪ್ ಪಿಸಿಯಲ್ಲಿ ಒಳಗೆ ಏನೇನಿದೆ ಎಂದು ಯಂತ್ರವೇ ಓಎಸ್‌ಗೆ ಪಟ್ಟಿ ಕೊಡುತ್ತದೆ. ಒಂದೇ ಡೆಬಿಯನ್ ಡಿಸ್ಕ್ ಸಾವಿರ ಥರದ ಪಿಸಿಗಳಲ್ಲಿ ಏಳುತ್ತದೆ. ಈ ಅಗ್ಗದ ಆರ್ಮ್ (ಮೊಬೈಲ್‌ಗಳಲ್ಲಿರುವ ಬಗೆಯ ಚಿಪ್) ಬೋರ್ಡ್‌ಗಳಲ್ಲಿ ಅಂಥ ಪಟ್ಟಿ ಇಲ್ಲ. ಯಾವ ಪಿನ್ನಿಗೆ ಏನು ಕಟ್ಟಿದೆ ಎಂಬುದನ್ನು ಮನುಷ್ಯನೊಬ್ಬ ಕೂತು ‘ಡಿವೈಸ್ ಟ್ರೀ’ ಎಂಬ ಕಡತದಲ್ಲಿ ಬರೆಯಬೇಕು. ಬೋರ್ಡಿಗೊಂದು ಕಡತ, ಒಮ್ಮೊಮ್ಮೆ ಆವೃತ್ತಿಗೊಂದು. ‘ಡೆಬಿಯನ್ ಚೆನ್ನಾಗಿ ಪರೀಕ್ಷೆ ಆಗಿದೆ’ ಎಂಬ ಮಾತು ಇಲ್ಲಿ ಅರ್ಧ ಮಾತ್ರ ನಿಜ. ಡೆಬಿಯನ್‌ನಲ್ಲಿ ಒಂದು ಪ್ಯಾಕೇಜ್ (ತಂತ್ರಾಂಶದ ಕಟ್ಟು) ಮೊದಲು ಅನ್‌ಸ್ಟೇಬಲ್ ಎಂಬ ಹಂತಕ್ಕೆ ಬಂದು, ಅಲ್ಲಿ ಕೆಲವು ದಿನ ಗಂಭೀರ ದೋಷ ಇಲ್ಲದೆ ಕಳೆದು, ಆಮೇಲೆ ಟೆಸ್ಟಿಂಗ್‌ಗೆ, ಕೊನೆಗೆ ಸ್ಟೇಬಲ್‌ಗೆ ಇಳಿಯುತ್ತದೆ. ಪದ್ಧತಿ ಬಹಳ ಒಳ್ಳೆಯದು. ಆದರೆ ನಿಮ್ಮ ಇಮೇಜ್‌ನಲ್ಲಿ ಕರ್ನಲ್, ಬೋರ್ಡನ್ನು ಎಬ್ಬಿಸುವ ಯು-ಬೂಟ್, ಡಿವೈಸ್ ಟ್ರೀ ಆ ದಾರಿಯಲ್ಲಿ ಬಂದವಲ್ಲ. ಅವನ್ನು ಬೇರೆಯವರು ಕಟ್ಟಿ ಸೇರಿಸಿದ್ದು.

ಬೂಟ್ ಫೋಲ್ಡರಿನಲ್ಲಿ ‘ಕಾನ್ಫಿಗ್’ ಎಂದು ಶುರುವಾಗುವ ಎರಡು ಕಡತ ಇರಬೇಕು, ಹಳೆ ಕರ್ನಲ್‌ದು, ಹೊಸದ್ದು. ಎರಡರಲ್ಲೂ ‘ಮೋಟಾರ್‌ಕಾಂ’ ಹುಡುಕಿ.

ಇ.ಸಿ. ಐದನೇ ಸೆಮ್

ಮೇಷ್ಟ್ರ ಕೋಣೆ ನಮ್ಮನೆಯಿಂದ ಎರಡು ಸ್ಟಾಪ್. ಸಂಜೆ ಹೋಗಿ ನಾನೇ ನೋಡಿದೆ.

ಹಳೇ ಕರ್ನಲ್ ಕಾನ್ಫಿಗಲ್ಲಿ ಮೋಟಾರ್‌ಕಾಂ ಫೈ ಮುಂದೆ ‘ವೈ’ ಇದೆ, ಅಂದ್ರೆ ಡ್ರೈವರ್ ಸೇರಿಸಿದೆ. ಹೊಸದ್ರಲ್ಲಿ ‘ನಾಟ್ ಸೆಟ್’, ಸೇರಿಸಿಲ್ಲ. ಒಂದೇ ಒಂದು ಸಾಲು. ಅಷ್ಟಕ್ಕೆ ಮೂರು ವಾರ ಮೂರು ಬೋರ್ಡ್ ನಿಂತಿತ್ತು.

ಹಳೇ ಕರ್ನಲ್‌ಗೆ ವಾಪಸ್ ಹೋಗಿ, ಅದನ್ನ ಹೋಲ್ಡಲ್ಲಿ ಇಟ್ಟು ಬಂದಿದ್ದೀನಿ. ಮೂರೂ ಪಿಂಗ್ ಆಗ್ತಿದೆ. ಮುಂದಿನ ಅಪ್‌ಡೇಟ್‌ಗೆ ಕರ್ನಲ್ ಬದಲಾಗಲ್ಲ. ಆದ್ರೆ ಕರ್ನಲ್‌ಗೆ ಸೆಕ್ಯುರಿಟಿ ಫಿಕ್ಸೂ ಬರಲ್ಲ, ಅದನ್ನ ನೆನಪಿಟ್ಕೊಳ್ಳಿ ಸರ್.

ಮತ್ತೆ ನಾನು ಮೇಲೆ ಹೇಳಿದ್ದನ್ನ ವಾಪಸ್ ತಗೋತೀನಿ. ಫ್ರೀ ಅಂದ್ಬಿಟ್ರೆ ಮಾತು ಮುಗಿಯಲ್ಲ. ಅಲ್ಲಿ ಕೂತ ಮಕ್ಕಳನ್ನ ನೋಡಿದ ಮೇಲೆ ಹಾಗೆ ಹೇಳಕ್ಕೆ ಬಾಯಿ ಬರಲಿಲ್ಲ.

ಇಮೇಜ್ ಕಟ್ಟುವವ

ನಾನು ಇದೇ ಸ್ವಯಂಸೇವಕ ಯೋಜನೆಯಲ್ಲಿ ಇನ್ನೊಂದು ಬೋರ್ಡ್ ನೋಡಿಕೊಳ್ಳುತ್ತೇನೆ. ಈ ಬೋರ್ಡ್ ನನ್ನದಲ್ಲ, ಆದರೆ ತಲೆ ತಪ್ಪಿಸಿಕೊಳ್ಳಲು ಈ ಮಾತು ಹೇಳುತ್ತಿಲ್ಲ. ನಮ್ಮ ಮನೆಯೊಳಗೆ ಪರೀಕ್ಷೆ ಎಂಬುದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಹೊರಗಿನಿಂದ ನೋಡಿದವರಿಗೆ ಅದು ಗೊತ್ತಾಗುವುದಿಲ್ಲ.

ವಿಜಯನಗರದ ನಮ್ಮ ಮನೆಯ ಅಟ್ಟದ ಕೆಳಗೆ ಒಂದು ಹಲಗೆ ಇದೆ. ಅದರ ಮೇಲೆ 11 ಬೋರ್ಡ್. ಪ್ರತಿಯೊಂದರಿಂದ ಮೂರು ತಂತಿ (ಗ್ರೌಂಡ್, ಕಳಿಸುವ ಟಿಎಕ್ಸ್, ಪಡೆಯುವ ಆರ್‌ಎಕ್ಸ್) ಬೋರ್ಡ್ ಬರೆಯುವ ಅಕ್ಷರಗಳನ್ನು ಕಂಪ್ಯೂಟರಿಗೆ ತಲುಪಿಸುವ ಒಂದು ಯುಎಸ್‌ಬಿ ಸೀರಿಯಲ್ ಅಡಾಪ್ಟರ್‌ಗೆ, ಅಲ್ಲಿಂದ ಹಬ್‌ಗೆ. ಕರೆಂಟ್ ಕೊಡಲು, ತೆಗೆಯಲು ರಿಲೇ. ರಾತ್ರಿ ಹೊಸ ಕರ್ನಲ್ ಕಟ್ಟಿ ಮುಗಿದ ಮೇಲೆ ಒಂದೊಂದಾಗಿ ಎಬ್ಬಿಸುತ್ತದೆ. ಸೀರಿಯಲ್‌ನಲ್ಲಿ ‘ಲಾಗಿನ್’ ಎಂಬ ಪದ ಬಂದರೆ ಪಾಸ್. ಬೆಸ್ಕಾಂ ಕರೆಂಟ್ ಹೋದರೆ ಆ ರಾತ್ರಿಯ ಪರೀಕ್ಷೆ ಅಲ್ಲಿಗೆ ನಿಂತಿತು.

ಆ ‘ಪಾಸ್’ ಏನು ಹೇಳುತ್ತದೆ? ಬೋರ್ಡ್ ಎದ್ದಿತು, ಅಷ್ಟೆ. ಪರದೆ ಬಂತೇ, ಧ್ವನಿ ಬಂತೇ, ಎರಡು ಗಂಟೆ ವಿಡಿಯೋ ಓಡಿಸಿದರೆ ಬಿಸಿಯಾಗಿ ನಿಂತಿತೇ, ಒಂದನ್ನೂ ಹೇಳುವುದಿಲ್ಲ. ಮೇಷ್ಟ್ರ 1.2 ಬೋರ್ಡ್ ನನ್ನ ಹಲಗೆಯ ಮೇಲೆ ಇದ್ದಿದ್ದರೂ ಈ ದೋಷಕ್ಕೆ ‘ಪಾಸ್’ ಎಂದೇ ಬರುತ್ತಿತ್ತು. ಕರ್ನಲ್‌ಸಿಐ ಎಂಬ ದೊಡ್ಡ ವ್ಯವಸ್ಥೆ ಇದೆ, 2019ರಿಂದ ಲಿನಕ್ಸ್ ಫೌಂಡೇಶನ್ ಅಡಿಯಲ್ಲಿ ನಡೆಯುತ್ತಿದೆ. ಲೋಕದ ಬೇರೆ ಬೇರೆ ಕಡೆಯ ಪ್ರಯೋಗಾಲಯಗಳಲ್ಲಿ ನಿಜವಾದ ಬೋರ್ಡ್‌ಗಳ ಮೇಲೆ ಕರ್ನಲ್ ಓಡಿಸಿ ನೋಡುತ್ತದೆ. ಬಹಳ ದೊಡ್ಡ ಕೆಲಸ. ಆದರೆ ಅಲ್ಲಿಯೂ ಯಾರೋ ಬೋರ್ಡ್ ತಂದು ತಂತಿ ಕಟ್ಟಿದರೆ ಮಾತ್ರ ಆ ಬೋರ್ಡ್‌ಗೆ ಪರೀಕ್ಷೆ.

ಆ 11ರಲ್ಲಿ ಒಂಬತ್ತನ್ನು ನನ್ನ ಸಂಬಳದಲ್ಲಿ ಕೊಂಡೆ. ಎರಡನ್ನು ತಯಾರಕರು ಕಳಿಸಿದರು, ಅವೂ ಮೊದಲ ಆವೃತ್ತಿಯವು. ಆವೃತ್ತಿ ಬದಲಾದಾಗ ನಮಗೆ ಯಾರೂ ಹೇಳುವುದಿಲ್ಲ. ಬಳಸುವವರು ‘ಕೆಲಸ ಮಾಡ್ತಿಲ್ಲ’ ಎಂದು ಬರೆದಾಗಲೇ ಗೊತ್ತಾಗುವುದು. ಅದರಲ್ಲೂ ಹೆಚ್ಚಿನವರು ಅಷ್ಟೇ ಬರೆಯುತ್ತಾರೆ: ‘ಕೆಲಸ ಮಾಡ್ತಿಲ್ಲ, ದಂಡ ಓಎಸ್’. ಯಾವ ಆವೃತ್ತಿ, ಯಾವ ಕರ್ನಲ್, ಯಾವ ಅಡಾಪ್ಟರ್, ಏನೂ ಇರುವುದಿಲ್ಲ. ಈ ಬೋರ್ಡ್ ನೋಡಿಕೊಳ್ಳುತ್ತಿದ್ದವರು ಹೋದ ವರ್ಷ ಬಿಟ್ಟರು. ಮಗು ಹುಟ್ಟಿತ್ತು, ಕೆಲಸ ಬದಲಾಗಿತ್ತು. ಕೊನೆಯ ಆರು ತಿಂಗಳು ಅವರಿಗೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಬೈಗುಳ. ಆ ನೋವು ನನಗಿನ್ನೂ ಇದೆ.

ದುಡ್ಡು ತಗೊಂಡವರು ಬೋರ್ಡ್ ತಯಾರಕರು. 3,400ರಲ್ಲಿ ಒಂದು ಪೈಸೆಯೂ ಓಎಸ್ ಕಟ್ಟುವವರಿಗೆ ಬರುವುದಿಲ್ಲ. ಪರೀಕ್ಷೆಯ ಹೊಣೆ ಅವರದು ಎಂಬುದರಲ್ಲಿ ನನಗೆ ಅನುಮಾನವೇ ಇಲ್ಲ.

ಎಸ್‌ಪಿ ರೋಡ್ ಅಂಗಡಿ

ನಮ್ಮ ಮಾತೂ ಒಂದಿರ್ಲಿ. ಸಾದರ ಪತ್ರಪ್ಪ ರಸ್ತೆಲಿ 19 ವರ್ಷದಿಂದ ಅಂಗಡಿ. ಈ ಬೋರ್ಡ್‌ಗಳು ನಮಗೆ ಕಾರ್ಟನ್‌ನಲ್ಲಿ ಬರ್ತವೆ. ಇನ್‌ವಾಯ್ಸಲ್ಲಿ ಮಾಡೆಲ್ ಹೆಸರು, ರ‍್ಯಾಮ್ ಎಷ್ಟು, ಅಷ್ಟೇ. 1.1, 1.2 ಅಂತ ಎಲ್ಲೂ ಬರೆದಿರಲ್ಲ. ಗಿರಾಕಿ ಕೇಳಿದ್ರೆ ಒಂದು ಮೆಮೊರಿ ಕಾರ್ಡ್ ಹಾಕಿ, ಪರದೆ ಬಂದಿದ್ದನ್ನ ತೋರಿಸಿ ಕೊಡ್ತೀನಿ. ನೆಟ್‌ವರ್ಕ್ ಕೇಬಲ್ ಹಾಕಿ ತೋರಿಸಿದ್ದು ಇವತ್ತಿನ ತನಕ ಇಲ್ಲ. ಇದನ್ನ ಓದಿದ ಮೇಲೆ ಕೌಂಟರ್ ಹತ್ರ ಒಂದು ಕೇಬಲ್ ಎಳೆಸಿದೀನಿ.

ಒಂದು ವಿಷಯ ಮಾತ್ರ ಹೇಳ್ಬೇಕು. ವಾಪಸ್ ಬರೋ ಬೋರ್ಡಲ್ಲಿ ಬಹಳಷ್ಟು ಬೋರ್ಡಿನ ತಪ್ಪೂ ಅಲ್ಲ, ಓಎಸ್ ತಪ್ಪೂ ಅಲ್ಲ. ಕಾರ್ಡ್ ನಕಲಿ. ಮೇಲೆ 64 ಜಿಬಿ ಅಂತ ಇರತ್ತೆ, ಒಳಗೆ 8 ಇರತ್ತೆ. ಬರೀತಾ ಹೋದ್ರೆ ಒಂದಿನ ಎಲ್ಲಾ ಹೋಗತ್ತೆ. ಎಫ್‌3 ಅಂತ ಒಂದು ಸಾಧನ ಇದೆ, ಲಿನಕ್ಸಲ್ಲಿ ಓಡತ್ತೆ, ಪೂರ್ತಿ ಕಾರ್ಡ್ ಬರೆದು ಓದಿ ನೋಡತ್ತೆ. ದಯವಿಟ್ಟು ಕಾರ್ಡ್ ತಗೊಂಡ ದಿನಾನೇ ಓಡಿಸಿ.

ಬಸವನಗುಡಿ ವಕೀಲೆ

ಕಾನೂನಿನ ಕಡೆಯಿಂದ ಎರಡು ಮಾತು. ವಿದ್ಯಾರ್ಥಿ ಹೇಳಿದ ಹಾಗೆ ಜಿಪಿಎಲ್‌ನಲ್ಲಿ ವಾರಂಟಿ ಇಲ್ಲ ಎಂದಿರುವುದು ನಿಜ. ಅದೇ ಲೈಸೆನ್ಸ್‌ನಲ್ಲಿ, ಶುಲ್ಕ ತಗೊಂಡು ವಾರಂಟಿ ಕೊಡುವುದಕ್ಕೆ ಅಡ್ಡಿಯಿಲ್ಲ ಎಂದೂ ಇದೆ, ಅದನ್ನು ಯಾರೂ ಓದುವುದಿಲ್ಲ.

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಪುಕ್ಕಟೆ ಕೊಟ್ಟ ಸೇವೆ ‘ಸೇವೆ’ಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಹಾಗಾಗಿ ಸ್ವಯಂಸೇವಕರನ್ನು ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿಸಲು ಆಗುವುದಿಲ್ಲ, ಹತ್ತಿಸಲೂಬಾರದು. ಆದರೆ ಬೋರ್ಡ್ ಪುಕ್ಕಟೆ ಅಲ್ಲ, ಅದು ಸರಕು. ಕಾಯ್ದೆಯ ಪ್ರಕಾರ ಸರಕಿನ ದೋಷ ಎಂದರೆ ಕಾನೂನು ಬಯಸಿದ ಗುಣಮಟ್ಟ ಇಲ್ಲದಿರುವುದು ಮಾತ್ರವಲ್ಲ, ಮಾರುವವರು ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟ ಇಲ್ಲದಿರುವುದೂ ದೋಷವೇ. ‘ಈ ಬೋರ್ಡ್ ಬೆಂಬಲಿಸುವ ಓಎಸ್’ ಎಂಬ ದಪ್ಪಕ್ಷರ ಹಾಗೆ ಹೇಳಿಕೊಂಡ ಮಾತು. ಕೊಂಡಿ ಕೊಟ್ಟದ್ದು ಬೇರೆಯವರ ಇಮೇಜ್‌ಗೆ ಎಂದಾದರೂ, ಆ ಸಾಲನ್ನು ಬರೆದವರು ಅವರೇ. 5 ಲಕ್ಷದವರೆಗಿನ ವಹಿವಾಟಿಗೆ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕ ಇಲ್ಲ.

ಯುರೋಪಿನವರು ಇನ್ನೂ ಮುಂದೆ ಹೋಗಿದ್ದಾರೆ. ಅಲ್ಲಿನ ಸೈಬರ್ ರೆಸಿಲಿಯನ್ಸ್ ಕಾಯ್ದೆ 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂತು, ಮುಖ್ಯ ಹೊಣೆಗಳು 2027ರ ಡಿಸೆಂಬರ್ 11ರಿಂದ ಅನ್ವಯ. ಇನ್ನೊಬ್ಬರು ಬರೆದ ಮುಕ್ತ ತಂತ್ರಾಂಶವನ್ನು ತನ್ನ ಉತ್ಪನ್ನದಲ್ಲಿ ಸೇರಿಸಿ ಮಾರುವ ತಯಾರಕ ಅದನ್ನು ತಾನೇ ಪರಿಶೀಲಿಸಬೇಕು. ವ್ಯಾಪಾರಕ್ಕಲ್ಲದೆ ಬರೆದವರ ತಲೆಗೆ ಆ ಹೊಣೆ ಇಲ್ಲ.

ಪೀಣ್ಯ ಫರ್ಮ್‌ವೇರ್

ವಕೀಲರು ಹೇಳಿದ್ದು ಯಾಕೆ ಬೇಕು ಎಂಬುದಕ್ಕೆ 2016ರ ಒಂದು ನಿದರ್ಶನ. ಆಲ್‌ವಿನ್ನರ್ ಎಂಬ ಚಿಪ್ ಕಂಪನಿಯ 3.4 ಕರ್ನಲ್ ಆಗ ಎಷ್ಟೋ ಅಗ್ಗದ ಬೋರ್ಡ್‌ಗಳ ಇಮೇಜ್‌ಗಳಲ್ಲಿತ್ತು. ಅದರಲ್ಲಿ ದೋಷ ಹುಡುಕಲು ಬಳಸಿದ ಒಂದು ತುಣುಕನ್ನು ಹಾಗೇ ಬಿಟ್ಟಿದ್ದರು. ಪ್ರಾಕ್ ಫೋಲ್ಡರಿನ ಒಂದು ಕಡತಕ್ಕೆ ‘ರೂಟ್‌ಮೈಡಿವೈಸ್’ ಎಂಬ ಪದ ಬರೆದರೆ ಸಾಕು, ಯಾವ ಸಾಮಾನ್ಯ ಬಳಕೆದಾರನಿಗೂ ರೂಟ್ ಅಧಿಕಾರ, ಅಂದರೆ ಯಂತ್ರದ ಮೇಲೆ ಪೂರ್ತಿ ಹಿಡಿತ. ಪಾಸ್‌ವರ್ಡ್ ಬೇಡ, ಏನೂ ಬೇಡ. ಅದನ್ನು ಜನರ ಮುಂದಿಟ್ಟು ಎಚ್ಚರಿಸಿದ್ದು ಇಂಥ ಬೋರ್ಡ್‌ಗಳಿಗೆ ಓಎಸ್ ಕಟ್ಟುವ ಆರ್ಮ್‌ಬಿಯನ್ ಸಮುದಾಯ. ಬೋರ್ಡ್ ಮಾರಿದವರಾಗಲಿ, ಚಿಪ್ ಮಾರಿದವರಾಗಲಿ ಅಲ್ಲ.

ಈಗ ಇಮೇಜ್ ಕಟ್ಟುವವರಿಗೆ ನೇರವಾಗಿ ಒಂದು ಮಾತು. ನಿಮ್ಮ ಕಷ್ಟ ನನಗೆ ಗೊತ್ತು, ನಿಮ್ಮಂಥವರ ಕೆಲಸದಿಂದಲೇ ನನ್ನ ಅರ್ಧ ಜೀವನ ನಡೆದಿದೆ. ಆದರೂ ನೋಡಿಕೊಳ್ಳುವವರು ಬಿಟ್ಟು ಒಂದು ವರ್ಷವಾದ ಬೋರ್ಡ್‌ಗೆ ನಿಮ್ಮ ಯೋಜನೆ ಹೊಸ ಕರ್ನಲನ್ನು ತಾನಾಗಿ ಕಳಿಸುತ್ತಲೇ ಇತ್ತು. ಅದು ತಯಾರಕರ ತಪ್ಪಲ್ಲ. ಯಾರೂ ಹಾಕಿ ನೋಡದ ಕರ್ನಲ್ ಅಪ್‌ಡೇಟ್ ಆಗಿ ಹೋಗಬಾರದಿತ್ತು.

ಇಮೇಜ್ ಕಟ್ಟುವವ

ಒಪ್ಪುತ್ತೇನೆ. ಇದಕ್ಕೆ ನನ್ನ ಹತ್ತಿರ ಸಮಜಾಯಿಷಿ ಇಲ್ಲ. ನೋಡಿಕೊಳ್ಳುವವರಿಲ್ಲದ ಬೋರ್ಡ್‌ಗಳಿಗೆ ಕರ್ನಲ್ ಕಳಿಸುವುದನ್ನು ನಿಲ್ಲಿಸಬೇಕು ಎಂದು ಇವತ್ತೇ ಯೋಜನೆಯಲ್ಲಿ ಎತ್ತಿದ್ದೇನೆ.

ಮಲ್ಲೇಶ್ವರ ಗ್ರಂಥಪಾಲಕಿ

ರಾಸ್ಪ್‌ಬೆರಿ ಪೈ ಕೊಂಡಿದ್ದರೆ ಈ ಗೋಳೇ ಇರಲಿಲ್ಲ ಎಂದು ಯಾರಾದರೂ ಹೇಳುವ ಮುಂಚೆ ನಾನು ಹೇಳಿಬಿಡುತ್ತೇನೆ, ನಮ್ಮಲ್ಲಿ ಇರುವುದು ಅದೇ. ಕಂಪನಿಯೇ ಓಎಸ್ ಕಟ್ಟಿ ಕೊಡುತ್ತದೆ, ಹೊಣೆಯನ್ನೂ ಹೊರುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ 2021ರ ನವೆಂಬರ್‌ನಲ್ಲಿ ಅವರ ಓಎಸ್‌ನ ‘ಬುಲ್ಸ್‌ಐ’ ಆವೃತ್ತಿ ಬಂದಾಗ ಕ್ಯಾಮೆರಾ ನಡೆಸುವ ಹಳೆಯ ಪೈಕ್ಯಾಮೆರಾ ತಂತ್ರಾಂಶ ನಿಂತುಹೋಯಿತು. ನಮ್ಮ ಮಕ್ಕಳು ಮಾಡಿದ್ದ ಹಕ್ಕಿ ನೋಡುವ ಕ್ಯಾಮೆರಾ ಓಡಲಿಲ್ಲ. ತಿಂಗಳೊಳಗೆ ಅವರು ‘ಲೆಗಸಿ’ ಎಂದು ಹಳೆಯದನ್ನೂ ಬೇರೆಯಾಗಿ ಕೊಟ್ಟರು. ತಪ್ಪು ಆಗುವುದು ಎಲ್ಲ ಕಡೆ ಇದೆ. ಅಲ್ಲಿ ಕೇಳಿದರೆ ಉತ್ತರ ಕೊಡುವ ಬಾಗಿಲು ಒಂದಿತ್ತು.

ಇನ್ನೊಂದು ನೆನಪು. 2012ರ ಫೆಬ್ರವರಿ 29ರಂದು ಮೊದಲ ಪೈ ಬಂದಾಗ ಅದರ ಚಿಪ್ ಆರ್ಮ್‌ವಿ6 ಎಂಬ ಹಳೆಯ ತಲೆಮಾರಿನದು. ಡೆಬಿಯನ್‌ನ ವೇಗದ ಆವೃತ್ತಿಗೆ ಆರ್ಮ್‌ವಿ7 ಬೇಕಿತ್ತು. ಮೈಕ್ ಥಾಂಪ್ಸನ್, ಪೀಟರ್ ಗ್ರೀನ್ ಎಂಬಿಬ್ಬರು ಸಾವಿರಾರು ಪ್ಯಾಕೇಜ್‌ಗಳನ್ನು ಆ ಚಿಪ್‌ಗೆಂದೇ ಮತ್ತೆ ಕಟ್ಟಿ ರಾಸ್ಪ್‌ಬಿಯನ್ ಮಾಡಿದರು. ಕಂಪನಿಯವರಲ್ಲ, ಹೊರಗಿನವರು. ಪೈ ಇವತ್ತು ಇರುವ ಹಾಗೆ ಇದ್ದರೆ ಅದಕ್ಕೆ ಆ ಕೆಲಸವೂ ಕಾರಣ.

ನನ್ನ ಕೊರಗು ಬೇರೆ. ಇಷ್ಟೆಲ್ಲ ಪರೀಕ್ಷೆಯ ಪಟ್ಟಿಗಳಲ್ಲಿ ಕನ್ನಡ ಎಲ್ಲಿದೆ? ಹೊಸ ಇಮೇಜ್ ಹಾಕಿದ ದಿನ ಎಷ್ಟು ಸಲ ಕನ್ನಡದ ಜಾಗದಲ್ಲಿ ಬರೀ ಚೌಕಗಳನ್ನು ನೋಡಿದ್ದೇನೆ. ಡೆಬಿಯನ್‌ನಲ್ಲಿ ಗುಬ್ಬಿ, ನವಿಲು, ಲೋಹಿತ್ ಫಾಂಟ್‌ಗಳಿವೆ, ಕೀಬೋರ್ಡಿಗೆ ಐಬಸ್ ಎಂಬ ಟೈಪಿಂಗ್ ಸಾಧನದಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸ ಇದೆ. ಹಾಕಿಕೊಂಡರೆ ಎಲ್ಲ ಸರಿ. ಟರ್ಮಿನಲ್‌ನಲ್ಲಿ ಮಾತ್ರ ‘ಶಾಸ್ತ್ರ’ ಎಂದು ಬರೆದರೆ ಒತ್ತಕ್ಷರ ಮೂರು ತುಂಡಾಗಿ ಪಕ್ಕಪಕ್ಕ ನಿಲ್ಲುತ್ತದೆ. ಇದನ್ನು ಅಗ್ಗದ ಬೋರ್ಡ್ ಮಾಡುವ ಶೆನ್‌ಜೆನ್‌ನವರಾಗಲಿ ಪೈ ಮಾಡುವ ಕೇಂಬ್ರಿಡ್ಜ್‌ನವರಾಗಲಿ ಪರೀಕ್ಷಿಸಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ. ಕನ್ನಡ ಓದಲು ಬರುವವರೇ ಇದನ್ನು ನೋಡಬೇಕು. ಈ ಒಂದು ಪರೀಕ್ಷೆಯ ಹೊಣೆ ನಮ್ಮದೇ.

ಹನುಮಂತನಗರ ಮೇಷ್ಟ್ರು

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಈಗ ನನ್ನ ಅಭಿಪ್ರಾಯ.

ದುಡ್ಡು ತಗೊಂಡು ಮಾರಿದವರು ಪರೀಕ್ಷೆ ಮಾಡಬೇಕು. ಮಾಡಲು ಆಗದಿದ್ದರೆ ‘ಮಾಡಿಲ್ಲ’ ಎಂದಾದರೂ ಬರೆಯಬೇಕು. ನನಗೆ ಬೇಕಿದ್ದದ್ದು ಒಂದೇ ಸಾಲು: ‘ಈ ಇಮೇಜ್ 1.1ರ ಮೇಲೆ ಹಾಕಿ ನೋಡಲಾಗಿದೆ, 1.2ರ ಮೇಲೆ ನೋಡಿಲ್ಲ.’ ಆ ಸಾಲು ಇದ್ದಿದ್ದರೆ ಜೂನ್‌ನಲ್ಲಿ ಮೂರು ಬೋರ್ಡ್ ಕೊಳ್ಳುವ ಮುಂಚೆ ಕೇಳುತ್ತಿದ್ದೆ, ಅಪ್‌ಡೇಟ್ ಕೊಡುವ ಮುಂಚೆ ಒಂದರ ಮೇಲೆ ಮಾತ್ರ ಹಾಕಿ ನೋಡುತ್ತಿದ್ದೆ. ‘ಬೆಂಬಲಿಸುತ್ತದೆ’ ಎಂಬ ಪದವನ್ನು ನಾನು ನಂಬಿದೆ. ಯಾರೂ ಸ್ವಿಚ್ ಹಾಕಿ ನೋಡದೆ ಬರೆದ ಪದ ಅದು. ನನ್ನ ತರಗತಿಯಲ್ಲಿ ಹುಡುಗನೊಬ್ಬ ತಾಳೆ ನೋಡದೆ ಉತ್ತರ ಬರೆದರೆ ಅಂಕ ಕೊಡುವುದಿಲ್ಲ. ಇಲ್ಲಿ ಅದಕ್ಕೆ, ಮೂರು ಬೋರ್ಡಿಗೆ, 10,200 ರೂಪಾಯಿ ಕೊಟ್ಟಿದ್ದೇವೆ, ಅದು ಮಕ್ಕಳ ತಂದೆತಾಯಂದಿರಿಂದ 50, 100 ಎಂದು ಕೂಡಿಸಿದ ದುಡ್ಡು.

ಸ್ವಯಂಸೇವಕರ ಮೇಲೆ ನನಗೆ ಸಿಟ್ಟಿತ್ತು. ಮೊದಲ ಪತ್ರದಲ್ಲಿ ಅದು ಕಂಡಿರಬಹುದು, ಕ್ಷಮೆ ಇರಲಿ. ಒಂಬತ್ತು ಬೋರ್ಡನ್ನು ಸ್ವಂತ ಸಂಬಳದಲ್ಲಿ ಕೊಂಡವರನ್ನು ಹೊಣೆ ಮಾಡುವಷ್ಟು ಕೃತಘ್ನತೆ ನಮಗೆ ಬೇಡ. ಆದರೆ ಬೋರ್ಡ್ ಮಾರುವವರು ಪ್ರತಿ ಹೊಸ ಆವೃತ್ತಿಯ ಎರಡೆರಡು ಬೋರ್ಡನ್ನು ಕಟ್ಟುವವರಿಗೆ ಕಳಿಸಲೇಬೇಕು. ಸಾವಿರಗಟ್ಟಲೆ ಮಾರುವವರಿಗೆ ಎರಡು ಬೋರ್ಡ್ ಭಾರವಲ್ಲ. ಇದನ್ನೇ ಬರೆದು ಕಂಪನಿಗೆ ಕಳಿಸಿದ್ದೇನೆ. ವಕೀಲರು ಹೇಳಿದ ‘ಹೇಳಿಕೊಂಡ ಗುಣಮಟ್ಟ’ದ ಮಾತನ್ನೂ ಸೇರಿಸಿದ್ದೇನೆ. ಆಯೋಗಕ್ಕೆ ಹೋಗುವ ಮನಸ್ಸು ಸದ್ಯ ಇಲ್ಲ, ಉತ್ತರ ಬರದಿದ್ದರೆ ಹೋಗುತ್ತೇನೆ.

ನಮ್ಮ ಪಾಲೂ ಇದೆ. ಎಂಟರಲ್ಲಿ ಒಂದನ್ನು ಇನ್ನು ಮುಂದೆ ‘ಮೊದಲ ಬೋರ್ಡ್’ ಎಂದು ಇಡುತ್ತೇವೆ. ಯಾವ ಅಪ್‌ಡೇಟ್ ಬಂದರೂ ಒಂದು ವಾರ ಅದರ ಮೇಲೆ ಮಾತ್ರ. ಒಂಬತ್ತನೇ ತರಗತಿಯ ಇಬ್ಬರು ಹುಡುಗಿಯರು ನೋಟ್‌ಬುಕ್ ಹಾಕಿದ್ದಾರೆ: ದಿನಾಂಕ, ಬೋರ್ಡಿನ ಆವೃತ್ತಿ, ಕರ್ನಲ್, ಪರದೆ, ಧ್ವನಿ, ಪಿಂಗ್, ಕೊನೆಯ ಕಾಲಂ ‘ಶಾಸ್ತ್ರ’. ಗ್ರಂಥಪಾಲಕಿಯವರ ಪದವನ್ನೇ ಇಟ್ಟುಕೊಂಡರು.

ಇ.ಸಿ. ಐದನೇ ಸೆಮ್

ಬಗ್ ರಿಪೋರ್ಟ್ ಹಾಕಿದ್ದೀನಿ. ಎರಡೂ ಆವೃತ್ತಿಯ ಡಿಮೆಸೇಜ್, ಎರಡೂ ಕಾನ್ಫಿಗ್, ಚಿಪ್ಪಿನ ಫೋಟೋ, ಅಡಾಪ್ಟರ್ ವೋಲ್ಟೇಜ್ ಅಳತೆ ಎಲ್ಲಾ ಸೇರಿಸಿ. ಆ ಸಾಲನ್ನ ‘ವೈ’ ಮಾಡಿ ಕರ್ನಲ್ ನಾನೇ ಕಟ್ಟಿ ಒಂದು 1.2 ಮೇಲೆ ಹಾಕಿದೆ. ಡಿಮೆಸೇಜಲ್ಲಿ ಚಿಪ್ಪಿನ ಹೆಸರು ಬಂತು. ರಾತ್ರಿ ಪೂರ್ತಿ ಪಿಂಗ್ ಬಿಟ್ಟಿದ್ದೆ, ಒಂದೂ ಬಿದ್ದಿಲ್ಲ. 1.1 ಮೇಲೂ ಹಾಕಿ ನೋಡಿದೆ, ಅದಕ್ಕೆ ಏನೂ ತೊಂದರೆ ಆಗಿಲ್ಲ.

ಇಮೇಜ್ ಕಟ್ಟುವವ

ವರದಿ ಓದಿದೆ. ನಾಲ್ಕು ವರ್ಷದಲ್ಲಿ ನನ್ನ ಕಣ್ಣಿಗೆ ಬಿದ್ದ ಅತ್ಯುತ್ತಮ ವರದಿಗಳಲ್ಲಿ ಇದೂ ಒಂದು. ಬದಲಾವಣೆ ಸೇರಿಸಲು ಒಪ್ಪಿಗೆ ಸಿಕ್ಕಿದೆ, ಮುಂದಿನ ಕಟ್ಟಣೆಯಲ್ಲಿ ಬರುತ್ತದೆ. ಅಲ್ಲಿಯತನಕ ಹೋಲ್ಡ್ ತೆಗೆಯಬೇಡಿ.

ನನ್ನ ಹಲಗೆಯ ಪರೀಕ್ಷೆಯಲ್ಲಿ ‘ಲಾಗಿನ್’ ಬಂದ ಮೇಲೆ ರೌಟರ್‌ಗೆ ಹತ್ತು ಪಿಂಗ್ ಸೇರಿಸಿದ್ದೇನೆ. ಮೊದಲ ರಾತ್ರಿಯೇ ನನ್ನ ಸ್ವಂತ ಬೋರ್ಡ್ ಒಂದು ಸಿಕ್ಕಿಬಿತ್ತು. ‘ಪಾಸ್’ ಎಂದು ಎರಡು ತಿಂಗಳಿಂದ ಬರೆಯುತ್ತಿದ್ದೆ, ಹತ್ತರಲ್ಲಿ ನಾಲ್ಕು ಪಿಂಗ್ ಬೀಳುತ್ತಿವೆ. ಅದನ್ನು ಈಗ ನೋಡಬೇಕು.

ಮೇಷ್ಟ್ರೇ, 1.2 ಒಂದು ನನ್ನ ಹತ್ತಿರ ಇದ್ದಿದ್ದರೆ ಈ ಬೋರ್ಡನ್ನೂ ಹಲಗೆಗೆ ಸೇರಿಸುತ್ತಿದ್ದೆ.

ಹನುಮಂತನಗರ ಮೇಷ್ಟ್ರು

ಮೂರರಲ್ಲಿ ಒಂದನ್ನು ಕೊಡುತ್ತೇನೆ. ಕಂಪನಿಯಿಂದ ಬದಲಿ ಬರುವವರೆಗೆ ನಿಮ್ಮಲ್ಲೇ ಇರಲಿ. ಮಕ್ಕಳನ್ನು ಕೇಳಿದೆ, ಒಂದು ಜಾಗದಲ್ಲಿ ಮೂವರು ಕೂರಲು ಒಪ್ಪಿದ್ದಾರೆ. ಗುರುವಾರ ಸಂಜೆ ವಿಜಯನಗರಕ್ಕೆ ಬರುತ್ತೇನೆ, ಅದರದೇ ಅಡಾಪ್ಟರ್ ಮತ್ತು ಎಫ್‌3 ಓಡಿಸಿ ನೋಡಿದ ಕಾರ್ಡ್ ಜೊತೆಗೆ ತರುತ್ತೇನೆ.